ಅಧ್ಯಕ್ಷರ ಟೆಲಿಫೋನಿನವಳು

...ಅಯ್ಯೋ, ಆ ಕುರ್ಚಿ ಬೇಡ, ಅದರ ಕಾಲು ಅಲ್ಲಾಡುತ್ತೆ. ಇಲ್ಲಿ ಕೂತ್ಕೋ, ಒಲೆ ಹತ್ರ. ಕರ್ನಲ್ ದೊಲೊತ್ ಮಗಳು ಅಂತ ನೀನು ಬಾಗಿಲಲ್ಲಿ ಹೇಳೋ ಮೊದಲೇ ಗೊತ್ತಾಯ್ತು ನಂಗೆ. ಅದೇ ಹಣೆ, ಅದೇ ಹುಬ್ಬು. ಆರು ವರ್ಷ ಆಯ್ತಲ್ಲ ನಿಮ್ಮಪ್ಪ ಜೈಲಿಗೆ ಹೋಗಿ? ಏಳಾ? ಏಳು... ಹೂಂ. ಚಹಾ ಕುಡಿ ಬೆಗಿಮಾಯ್. ಹಾಲು, ಉಪ್ಪು ಎರಡೂ ಹಾಕಿದೀನಿ, ನಮ್ಮ ಕಣಿವೆ ಕಡೆ ಹಾಗೇ.

ಎಸೆನ್‌ಕುಲ್ ಅಣ್ಣನ ಬಗ್ಗೆ ತಾನೇ ಕೇಳೋಕೆ ಬಂದಿದ್ದು? ಎಲ್ಲರೂ ಅದಕ್ಕೇ ಬರ್ತಾರೆ. ಇಪ್ಪತ್ತೆರಡು ವರ್ಷ ಅವರ ಟೆಲಿಫೋನು ನೋಡ್ಕೊಂಡವಳು ನಾನು... ಅಧ್ಯಕ್ಷರು ಅಂತ ಇವತ್ತಿಗೂ ಬಾಯಿಗೆ ಬರಲ್ಲ. ಅಣ್ಣ ಅಂತಲೇ ಬರೋದು. ಯಾಕೆ ಹಾಗೆ ನೋಡ್ತೀಯಾ? ಒಳ್ಳೆ ಮನುಷ್ಯ ಕಣೇ! ಆಗ... ಆಗ ಒಳ್ಳೆಯವರೇ ಇದ್ರು.

ಸೋವಿಯತ್ ಕಾಲದಲ್ಲಿ ನೀರಾವರಿ ಕಚೇರಿಯ ಎಂಜಿನಿಯರು ಅವರು. ನಾನು ಅಲ್ಲೇ ಸ್ವಿಚ್‌ಬೋರ್ಡಲ್ಲಿ. ಹಿಮ ಕರಗಿ ಕಾಲುವೆ ಒಡೀತು ಅಂದ್ರೆ ಎಲ್ಲರಿಗಿಂತ ಮುಂಚೆ ಕೆಸರಿಗೆ ಇಳಿಯೋರು. ಮಾಸ್ಕೋದಿಂದ ದಿನಾ ಬೆಳಿಗ್ಗೆ ಒಂಬತ್ತಕ್ಕೆ ಫೋನು ಬರೋದು, ಕಾಲುವೆಗೆ ಎಷ್ಟು ನೀರು ಬಿಟ್ರಿ ಅಂತ ಕೇಳೋಕೆ. ಒಂದು ಸೋಮವಾರ ಬರಲಿಲ್ಲ. ಮಂಗಳವಾರವೂ ಇಲ್ಲ. ಅಣ್ಣ ಬಂದು, "ಅನಾರ್ಕುಲ್, ಲೈನು ಕೆಟ್ಟಿದೆಯಾ?" ಅಂದ್ರು. "ಲೈನು ಸರಿಯಾಗೇ ಇದೆ ಅಣ್ಣ, ಆ ಕಡೆ ದೇಶವೇ ಇಲ್ಲ" ಅಂದೆ. ಯಾಕೆ ನಗ್ತೀಯಾ? ಹೂಂ, ನಗು ನಗು, ನಾವೂ ನಕ್ಕಿದ್ವಿ.

ಹಾಗೆ ಒಂದು ದೇಶ ನಮ್ಮ ಮಡಿಲಿಗೆ ಬಿತ್ತು. ಎತ್ಕೊಳ್ಳೋರೇ ಇಲ್ಲ! ಪಾರ್ಟಿಯ ದೊಡ್ಡವರಿಗೆ ಒಬ್ಬರನ್ನ ಕಂಡ್ರೆ ಒಬ್ಬರಿಗೆ ಆಗಲ್ಲ. ಯಾರ ಜೊತೆಗೂ ಜಗಳ ಇಲ್ಲದವನು ಬೇಕು ಅಂತ ಹುಡುಕಿ ಹುಡುಕಿ, ಇವರನ್ನ ತಂದು ಕೂರಿಸಿದ್ರು. ಎರಡು ವರ್ಷದ ಮಟ್ಟಿಗೆ ಅಂತ. "ನೀನೂ ಬಾ ಅನಾರ್ಕುಲ್, ರಾಜಧಾನಿಯಲ್ಲಿ ನಂಗೆ ಯಾರೂ ಗೊತ್ತಿಲ್ಲ" ಅಂದ್ರು. ಬಂದೆ.

ಮೊದಲನೇ ಚಳಿಗಾಲ ಅವರ ಕೋಣೆಗೂ ಗ್ಯಾಸ್ ಇಲ್ಲ. ಕೋಟು ಹಾಕ್ಕೊಂಡೇ ಕೂತು ಒಂದೊಂದು ಜಿಲ್ಲೆಗೂ ಫೋನು ಹಾಕಿಸೋರು. ಕಲ್ಲಿದ್ದಲು ಬಂತಾ? ಹಿಟ್ಟು ಬಂತಾ? ಯಾರೋ ಕುರಿ ಕಾಯೋನು ಪೋಸ್ಟಾಫೀಸಿನಿಂದ ಫೋನು ಮಾಡಿ ನನ್ನ ಕುದುರೆ ಕಳುವಾಗಿದೆ ಅಂದ್ರೂ "ಕೊಡು" ಅನ್ನೋರು. ಆಮೇಲೆ... ಆಮೇಲೆ ಒಂದು ಪಟ್ಟಿ ಬಂತು, ಇಷ್ಟು ಜನರ ಫೋನು ಮಾತ್ರ ಕೊಡು ಅಂತ. ನಲವತ್ತು ಹೆಸರು ಇತ್ತು. ಎರಡನೇ ಚುನಾವಣೆ ಆಯ್ತು, ಪಟ್ಟಿ ಚಿಕ್ಕದಾಯ್ತು. ಮೂರನೇ ಸಲ ನಿಲ್ಲೋಕೆ ಕಾನೂನನ್ನೇ ಬದಲಾಯಿಸಿದ್ರು. ಅಳಿಯನಿಗೆ ವಿದ್ಯುತ್ತು, ತಮ್ಮನಿಗೆ ಚಿನ್ನದ ಗಣಿ. ಕೊನೆಕೊನೆಗೆ ಪಟ್ಟಿ ನನ್ನ ಅಂಗೈಯಲ್ಲಿ ಹಿಡಿಸ್ತಿತ್ತು. ಹೇಳಬೇಕಿತ್ತು ಅಂತೀಯಾ? ಯಾರು ಹೇಳೋದು? ನಾನು ಲೈನು ಜೋಡಿಸೋಳು.

ನಾಲ್ಕನೇ ಸಲ ಗೆದ್ದೆ ಅಂತ ಅಣ್ಣ ಅಂದಾಗ ಜನ ಚೌಕಕ್ಕೆ ಬಂದ್ರು. ಮಾರ್ಚ್ ತಿಂಗಳು. ಅದನ್ನ ನಿಂಗೆ ಹೇಳೋದೇನಿದೆ... ನಮ್ಮ ಕಚೇರಿ ಬೇಲಿ ಒಳಗೆ ಸಿಪಾಯಿಗಳು, ಅವರ ಮುಂದೆ ನಿಮ್ಮಪ್ಪ. ಮಧ್ಯಾಹ್ನ ಗುಂಡು ಹಾರಿತು. ಐವತ್ತೊಂದು ಜನ. ನಾನು ಕಿಟಕಿ ತೆಗೀಲಿಲ್ಲ. ಸಾಯಂಕಾಲ ಅಣ್ಣ ಹೆಲಿಕಾಪ್ಟರ್ ಹತ್ತಿ ಹೋದ್ರು. ನಂಗೆ ಬರ್ತೀನಿ ಅಂತಲೂ ಹೇಳ್ಲಿಲ್ಲ.

ಈಗ ಯಾವುದೋ ದೇಶದಲ್ಲಿ ಸಮುದ್ರದ ಪಕ್ಕ ಇದ್ದಾರೆ. ನನ್ನ ಹುಟ್ಟಿದಬ್ಬಕ್ಕೆ ಫೋನು ಮಾಡ್ತಾರೆ. ಏಪ್ರಿಕಾಟ್ ಹೂ ಬಿಡ್ತಾ ಅಂತಾರೆ. ಬಿಡ್ತು ಅಂತೀನಿ. ಅಷ್ಟೇ. ಕೋಪ ಬರಬೇಕಲ್ವಾ ನಂಗೆ? ಬರಲ್ಲ. ಅಳುವೂ ಬರಲ್ಲ. ಹಲ್ಲು ಕೀಳೋ ಮೊದಲು ಸೂಜಿ ಚುಚ್ತಾರಲ್ಲ, ಹಾಗೇ ಇದೆ, ಏಳು ವರ್ಷದಿಂದ.

ನಿನ್ನ ಚಹಾ ಆರಿಹೋಯ್ತು. ಬೇರೆ ಕೊಡ್ಲಾ?

ನಿಮ್ಮಪ್ಪ ಕೋರ್ಟಲ್ಲಿ ಹೇಳಿದ್ದನ್ನ ನಾನೂ ಕೇಳಿಸ್ಕೊಂಡೆ. ಬೇಲಿ ದಾಟಿದ್ರೆ ಹೊಡೀರಿ ಅಂತ ಮಂತ್ರಿ ಬಾಯಿಮಾತಲ್ಲಿ ಹೇಳಿದ್ದ, ಬೇಡ ಅನ್ನೋ ಅಧಿಕಾರ ಅಧ್ಯಕ್ಷರಿಗೆ ಮಾತ್ರ ಇತ್ತು, ಅದಕ್ಕೇ ನಾನು ಫೋನು ಮಾಡ್ದೆ ಅಂದ್ರು. ಮಂತ್ರಿ ನಾನು ಹೇಳೇ ಇಲ್ಲ ಅಂದ. ಜಡ್ಜು ನನ್ನ ಕೇಳಿದ್ರು. ಫೋನು ಬರಲಿಲ್ಲ ಅಂದೆ. ಬರಲಿಲ್ಲ, ಅಷ್ಟೇ. ಆ ದಿನದ ಗಲಾಟೆಯಲ್ಲಿ ಲೈನು... ಏನೋ ಆಗಿರಬೇಕು.

ಬಯ್ಯೋದಾದ್ರೆ ಬಯ್ಯಿ. ಬಂದವರೆಲ್ಲ ಬಯ್ದೇ ಹೋಗೋದು.

ರೊಟ್ಟಿ ಯಾಕೆ ಈ ಕಡೆ ತಳ್ತೀಯಾ? ನಂಗೆ ಹಸಿವಿಲ್ಲ, ನೀನು ತಿನ್ನು.

...ಓ.

ಕೋರ್ಟಲ್ಲಿ ಪುಸ್ತಕದ ಮೇಲೆ ಕೈ ಇಡು ಅಂದ್ರು, ಇಟ್ಟೆ. ರೊಟ್ಟಿ ಮುಟ್ಟು ಅಂತ ಯಾರೂ ಅನ್ನಲಿಲ್ಲ. ಇದು ಬೆಳಿಗ್ಗೆ ನಾನೇ ನಾದಿ ಸುಟ್ಟಿದ್ದು ಕಣೇ. ಸುಳ್ಳಾಡಿದ್ರೆ ರೊಟ್ಟಿ ಹೊಡೀಲಿ ಅಂತ ಆಣೆ ಇಡೋ ಜನ ನಾವು... ತೆಗಿ ಅದನ್ನ. ಬೆಗಿಮಾಯ್, ತೆಗಿಯೇ. ಏನಾದ್ರೂ ಮಾತಾಡೇ!

ಮೂರು ಸಲ ಬಂತು.

ಮೊದಲನೇ ಸಲ, "ಅಕ್ಕಾ, ದೊಲೊತ್ ಮಾತಾಡೋದು, ಅಣ್ಣನಿಗೆ ಕೊಡಿ" ಅಂದ್ರು. ಅಣ್ಣ ನನ್ನ ಮೇಜಿನ ಪಕ್ಕದಲ್ಲೇ ನಿಂತಿದ್ರು. ತಲೆ ಅಲ್ಲಾಡಿಸಿದ್ರು. ಎರಡನೇ ಸಲವೂ ಅಲ್ಲಾಡಿಸಿದ್ರು. ಮೂರನೇ ಸಲ... ಹಿಂದೆ ಜನರ ಕೂಗು, ನಿಮ್ಮಪ್ಪನ ಮಾತೇ ಸರಿಯಾಗಿ ಕೇಳಿಸ್ತಿಲ್ಲ. "ಅಕ್ಕಾ, ಬೇಲಿ ಹತ್ತಿದ್ರು. ಬೇಡ ಅಂತ ಒಂದೇ ಒಂದು ಮಾತು ಹೇಳಲಿ, ನನ್ನ ಹುಡುಗರು ಬಂದೂಕು ಇಳಿಸ್ತಾರೆ." ಅಣ್ಣ ತುಟಿ ಮೇಲೆ ಬೆರಳಿಟ್ರು. ಹೇಳಿದ್ರೂ ಅವರ ಮೇಲೆ ಬರುತ್ತೆ, ಬಿಟ್ರೂ ಅವರ ಮೇಲೆ ಬರುತ್ತೆ, ಫೋನೇ ಬರದಿದ್ರೆ ಯಾರ ಮೇಲೂ ಇಲ್ಲ.

"ಊಟಕ್ಕೆ ಕೂತಿದ್ದಾರೆ" ಅಂದೆ.

ನಿಮ್ಮಪ್ಪ ಬಯ್ಯಲಿಲ್ಲ. "ಸರಿ ಅಕ್ಕಾ" ಅಂದ್ರು.

ಬರ್ಕೋ. ಬರ್ಕೊಂಡು ಓದಿ ಹೇಳು, ಸಹಿ ಹಾಕ್ತೀನಿ. ಆದ್ರೆ ಇದನ್ನೂ ಬರ್ಕೋ. ಅಣ್ಣ ಹೇಳದಿದ್ರೆ ಏನಂತೆ? ಬೇಡವಂತೆ ಅಂತ ನಾನೇ ಅಂದುಬಿಡಬಹುದಿತ್ತು. ಯಾರಿಗೆ ಗೊತ್ತಾಗ್ತಿತ್ತು? ಒಂದು ಮಾತು ಕಣೇ. ನಾನು ಹೇಳಿದ್ರೂ ನಿಮ್ಮಪ್ಪ ನಂಬ್ತಿದ್ರು.