ಬಲಗಡೆಯ ಪದಕ

ಒಂದು ಊರು ಎಂದುಕೊಳ್ಳಿ. ಎರೆಭೂಮಿಯ ಊರು, ನಮ್ಮ ನಿಮ್ಮ ಊರಿನ ಹಾಗೆಯೇ. ಅಲ್ಲೊಬ್ಬ ಸಾಹುಕಾರ. ಅವನ ಹೆಸರು ಹೇಳುವುದಿಲ್ಲ. ಹೇಳಿದರೆ ನೀವು ಕಥೆ ಬಿಟ್ಟು ಅವನ ಮನೆತನ ಹುಡುಕಲು ಹೊರಡುತ್ತೀರಿ. ಎಂಟು ಕೂರಿಗೆ ಹೊಲ, ಎರಡು ಅಂತಸ್ತಿನ ಮನೆ, ಬಾಗಿಲಲ್ಲಿ ಜೀಪು, ಧಾರವಾಡದ ಬೋರ್ಡಿಂಗಿನಲ್ಲಿ ಓದುತ್ತಿರುವ ಒಬ್ಬನೇ ಮಗ. ದೇವರು ಅವನಿಗೆ ಏನು ಕಡಿಮೆ ಮಾಡಿದ್ದ? ಏನೂ ಇಲ್ಲ. ಆದರೂ ಅವನಿಗೆ ಊಟ ರುಚಿಸುತ್ತಿರಲಿಲ್ಲ. ಯಾಕೆ?

ಶ್ರಾವಣದ ಈ ದಿನಗಳಲ್ಲಿ ನಾವು ಆರು ವೈರಿಗಳ ವಿಚಾರ ಮಾಡುತ್ತ ಬಂದಿದ್ದೇವೆ. ಇವತ್ತು ಮತ್ಸರದ ಸರದಿ. ನೋಡಿ, ಸಿಟ್ಟು ಬಂದವನ ಮುಖ ಕೆಂಪಾಗುತ್ತದೆ, ಎದುರಿಗಿದ್ದವರು ದೂರ ಸರಿಯುತ್ತಾರೆ. ಹೊಟ್ಟೆಕಿಚ್ಚಿನವನ ಮುಖದಲ್ಲಿ ಏನು ಕಾಣುತ್ತದೆ? ನಗು. ಅವನು ಕೈ ಮುಗಿಯುತ್ತಾನೆ, ಹೊಗಳುತ್ತಾನೆ, ಹಾರವನ್ನೂ ಹಾಕುತ್ತಾನೆ. ಮನೆಗೆ ಬಂದು ಮಾತ್ರ ತಾಟು ಸರಿಸುತ್ತಾನೆ. ನಮ್ಮ ಸಾಹುಕಾರ ಅಂಥವನು.

ಅವನ ಹೊಟ್ಟೆಕಿಚ್ಚು ಯಾರ ಮೇಲೆ? ಇನ್ನೊಬ್ಬ ಸಾಹುಕಾರನ ಮೇಲಲ್ಲ. ಒಬ್ಬ ಮುದುಕಿಯ ಮೇಲೆ. ಒಂದು ಎಮ್ಮೆ ಕಟ್ಟಿಕೊಂಡು, ಎರಡು ಮನೆಗೆ ಹಾಲು ಹಾಕಿ ಬದುಕುವ ಮುದುಕಿ. ಅವಳ ಮಗ ಅಡಿವೆಪ್ಪ ಸೈನ್ಯಕ್ಕೆ ಸೇರಿದ್ದ, ಗಡಿಯಲ್ಲಿ ತೀರಿಕೊಂಡ. ಆಗ ಸೈನ್ಯದವರು ಬಂದು ಮೂರು ಪದಕಗಳನ್ನು ಅವಳ ಕೈಯಲ್ಲಿಟ್ಟು ಹೋದರು. ಅಂದಿನಿಂದ ಊರು ಅವಳ ಸ್ವಂತ ಹೆಸರನ್ನೇ ಮರೆತು ಅಡಿವೆಪ್ಪನ ಅವ್ವ ಎಂದೇ ಕರೆಯಿತು.

ಪ್ರತಿ ವರ್ಷ ಆಗಸ್ಟ್ ಹದಿನೈದಕ್ಕೆ ಅವಳು ಇಳಕಲ್ಲ ಸೀರೆ ಉಟ್ಟು, ತಲೆಯ ಮೇಲಿಂದ ಬಲಗಡೆ ಇಳಿದ ಸೆರಗಿನ ಮೇಲೆ ಆ ಮೂರು ಪದಕ ಚುಚ್ಚಿಕೊಂಡು ಶಾಲೆಗೆ ಬರುತ್ತಿದ್ದಳು. ಅವಳು ಗೇಟಿನೊಳಗೆ ಕಾಲಿಟ್ಟರೆ ಸಾಕು, ಕೂತವರೆಲ್ಲ ಏಳುತ್ತಿದ್ದರು. ಯಾರೂ ಹೇಳಬೇಕಾಗಿರಲಿಲ್ಲ. ಮಾಸ್ತರರು, ಪಂಚಾಯ್ತಿಯವರು, ಬಾಯಲ್ಲಿ ತಂಬಾಕು ಇಟ್ಟುಕೊಂಡು ಹಿಂದೆ ಕೂತ ಮುದುಕರು ಕೂಡ. ಅವರೆಲ್ಲ ಯಾವ ಬೆಂಚಿನ ಮೇಲಿಂದ ಏಳುತ್ತಿದ್ದರು? ಸಾಹುಕಾರ ಶಾಲೆಗೆ ಕೊಡಿಸಿದ ಬೆಂಚಿನ ಮೇಲಿಂದ. ಅವನು ಬಂದಾಗಲೂ ಜನ ಏಳುತ್ತಿದ್ದರು, ನಿಜ. ಆದರೆ ಕೆಲಸ ಕೇಳಲು ಬಂದವರು ಏಳುವುದು ಬೇರೆ, ಇದು ಬೇರೆ. ಅದು ಅವನಿಗೂ ಗೊತ್ತಿತ್ತು. ಆ ಗೊತ್ತಿದ್ದದ್ದೇ ಅವನನ್ನು ಸುಡುತ್ತಿತ್ತು.

ಹಿಟ್ಟಿನ ಗಿರಣಿಯಲ್ಲಿ ಅವಳ ಡಬ್ಬಿಗೆ ಮೊದಲು ಪಾಳಿ ಬರುತ್ತಿತ್ತು. ಬಸ್ಸಿನಲ್ಲಿ ಕಂಡಕ್ಟರ್ ಅವಳಿಗೆ ಮುಂದಿನ ಸೀಟು ಬಿಡಿಸಿ ಕೊಡುತ್ತಿದ್ದ. ಮನೆಯಲ್ಲಿ ಜೀಪು ಇದ್ದವನಿಗೆ ಬಸ್ಸಿನ ಸೀಟಿನ ಮೇಲೆ ಯಾಕೆ ಕಣ್ಣು? ನಗಬೇಡಿ. ಕಿಚ್ಚಿಗೆ ಲೆಕ್ಕಾಚಾರ ಇರುವುದಿಲ್ಲ. ಅವಳ ಎಮ್ಮೆ ಈದರೂ ಅವನಿಗೆ ಬೇಸರ. ಅವಳಿಗೆ ಜ್ವರ ಬಂದರೂ ಬೇಸರ, ಯಾಕೆಂದರೆ ಅರ್ಧ ಊರು ಅವಳ ಬಾಗಿಲಲ್ಲಿ ಕೂತಿರುತ್ತಿತ್ತು. ಒಮ್ಮೆ ಊಟದ ಹೊತ್ತಿನಲ್ಲಿ ಮಗನ ಎದುರಿಗೇ ಅಂದುಬಿಟ್ಟ: “ನೀನರ ಮಿಲಿಟರಿ ಸೇರಿದ್ರ ನನಗೂ ಒಂದ್ ಮರ್ಯಾದಿ ಬರ್ತಿತ್ತು.” ಹೆಂಡತಿ ರೊಟ್ಟಿ ಬಡಿಯುವುದನ್ನು ನಿಲ್ಲಿಸಿದಳು. ಮಗ ಅರ್ಧಕ್ಕೇ ಕೈ ತೊಳೆದುಕೊಂಡ, ಮರುದಿನ ಧಾರವಾಡಕ್ಕೆ ಹೋದ. ಹೋದವನು ಕಾಗದ ಬರೆಯುವುದನ್ನೇ ಬಿಟ್ಟ. ಫೋನು ಇಲ್ಲದ ಕಾಲ ಅದು. ಆ ತಾಯಿ ದಿನಾ ಅಂಚೆಯವನ ದಾರಿ ಕಾಯುತ್ತಿದ್ದಳು.

ಗಂಡನಿಗೆ ಆ ಚಿಂತೆ ಎಲ್ಲಿದೆ? ಅವನ ತಲೆಯಲ್ಲಿ ಬೇರೆಯೇ ಒಂದು ವಿಚಾರ ಮೊಳೆತಿತ್ತು. ಪ್ರಾಯದಲ್ಲಿ ಅವನು ತಂದೆಯೊಂದಿಗೆ ಜಗಳ ಮಾಡಿ ನಾಲ್ಕು ವರ್ಷ ಊರು ಬಿಟ್ಟಿದ್ದ. ಇದ್ದದ್ದು ಸೊಲ್ಲಾಪುರದಲ್ಲಿ, ಗೋಣಿಚೀಲದ ಗೋದಾಮಿನ ಮೇಸ್ತ್ರಿಯಾಗಿ. ಊರಲ್ಲಿ ಯಾರಿಗೂ ಅದು ಗೊತ್ತಿರಲಿಲ್ಲ. ಈಗ ಸಂಜೆ ಕಟ್ಟೆಯ ಮೇಲೆ ಕೂತು, ಆ ನಾಲ್ಕು ವರ್ಷ ತಾನು ಸೈನ್ಯದಲ್ಲಿದ್ದೆನೆಂದು, ಇಷ್ಟು ದಿನ ಹೇಳಿಕೊಳ್ಳಲು ಮನಸ್ಸಾಗಲಿಲ್ಲವೆಂದು ಮೆಲ್ಲಗೆ ಶುರು ಮಾಡಿದ. ಮೊದಲ ವಾರ ಬರೀ ಡೇರೆ ಇತ್ತು. ಎರಡನೆಯ ವಾರ ಹಿಮ ಬಿತ್ತು. ನಾಲ್ಕನೆಯ ವಾರಕ್ಕೆ ಗುಂಡು ಹಾರಿತು. ಕಟ್ಟೆಯವರು ಹೂಂ ಹೂಂ ಎಂದರು. ಸಾಹುಕಾರನ ಚಹಾ ಕುಡಿಯುವಾಗ ಇನ್ನೇನು ಅನ್ನುತ್ತಾರೆ?

ಅಷ್ಟಕ್ಕೇ ಬಿಟ್ಟಿದ್ದರೆ ಅದು ಕಟ್ಟೆಯ ಮಾತಾಗಿಯೇ ಉಳಿಯುತ್ತಿತ್ತು. ಅವನಿಗೆ ಬೇಕಾಗಿದ್ದದ್ದು ಊರು ಏಳುವುದು. ಪಕ್ಕದ ತಾಲೂಕಿಗೆ ಹತ್ತಿಯ ಧಾರಣೆ ಕೇಳಲು ಹೋಗುತ್ತೇನೆಂದು ಹೆಂಡತಿಗೆ ಹೇಳಿ, ದೂರದ ದಂಡಿನ ಪೇಟೆಗೆ ಹೋದ. ಅಲ್ಲಿ ಸೈನಿಕರಿಗೆ ಪಟ್ಟಿ, ಗುಂಡಿ, ಪದಕ ಮಾರುವ ಅಂಗಡಿಯಿಂದ ಮೂರು ಪದಕ ತಂದ. ಬರುವಾಗ ದಾರಿಯಲ್ಲೇ ಧಾರವಾಡ. ಇಳಿದು ಮಗನನ್ನೂ ನೋಡಿದ. ಹುಡುಗ ಚೆನ್ನಾಗಿಯೇ ಇದ್ದ, ಅಪ್ಪನ ಮೇಲಿನ ಸಿಟ್ಟು ಮಾತ್ರ ಇಳಿದಿರಲಿಲ್ಲ. ಆದರೆ ಕೇಳಿ, ಈ ಕಥೆಯಲ್ಲಿ ನನ್ನನ್ನು ಬಹಳ ಕಾಡುವ ಸಂಗತಿ ಇದು. ಪಕ್ಕದ ತಾಲೂಕಿಗೆಂದು ಹೊರಟವನು ಧಾರವಾಡಕ್ಕೆ ಹೋಗಿದ್ದೆ ಎಂದರೆ, ಆ ಕಡೆ ಯಾಕೆ ಹೋಗಿದ್ದೆ ಎಂಬ ಪ್ರಶ್ನೆ ಬರುತ್ತದೆ. ಆ ಹೆದರಿಕೆಗೆ, ಮಗ ಕ್ಷೇಮ ಎಂಬ ಒಂದು ಮಾತನ್ನೂ ಅವನು ಹೆಂಡತಿಗೆ ಹೇಳಲಿಲ್ಲ. ಅವಳು ಕಾಯುತ್ತಲೇ ಇದ್ದಳು. ಅವನು ಕೋಣೆಯಲ್ಲಿ ಪದಕ ಒರೆಸುತ್ತಲೇ ಇದ್ದ.

ಆಗಸ್ಟ್ ಹದಿನೈದು ಬಂತು. ಅವನು ಕರಿಯ ಕೋಟು ತೊಟ್ಟು, ಮೇಲೊಂದು ಶಾಲು ಹೊದ್ದು ಹೊರಟ. ಶಾಲೆಯ ಗೇಟಿನಲ್ಲಿ ಶಾಲು ತೆಗೆದ. ಮೂರು ಪದಕ ಥಳಥಳ ಹೊಳೆದವು. ಎಲ್ಲಿ ಚುಚ್ಚಿದ್ದ? ಬಲಗಡೆ. ಪಾಪ, ಅವನು ಪದಕವನ್ನು ಹತ್ತಿರದಿಂದ ನೋಡಿದ್ದು ಒಬ್ಬರ ಮೈಮೇಲೆ ಮಾತ್ರ. ವರ್ಷಗಟ್ಟಲೆ ಕಣ್ಣು ಕೀಳದೆ ನೋಡಿದ್ದ. ಮೂರರ ಸಾಲು, ಪಟ್ಟಿಯ ಬಣ್ಣ, ಚುಚ್ಚುವ ಕಡೆ, ಎಲ್ಲ ಅವನಿಗೆ ಬಾಯಿಪಾಠ. ಅಡಿವೆಪ್ಪನ ಅವ್ವ ಹೇಗೆ ಹಾಕಿಕೊಳ್ಳುತ್ತಿದ್ದಳೋ ಹಾಗೆಯೇ ಹಾಕಿಕೊಂಡಿದ್ದ.

ಜನ ಮುಖ ಮುಖ ನೋಡಿಕೊಂಡರು. ಕೆಲವರು ಎದ್ದರು. ಹೆಡ್‌ಮಾಸ್ತರರು ಗೊಂದಲದಲ್ಲೇ ಮುದುಕಿಯ ಪಕ್ಕಕ್ಕೆ ಒಂದು ಕುರ್ಚಿ ಹಾಕಿಸಿದರು. ಮೊದಲ ಕುರ್ಚಿ ಅವಳದೇ. ಸಾಹುಕಾರ ಕೂತ, ಆದರೆ ಕಣ್ಣು ಆ ಮೊದಲ ಕುರ್ಚಿಯ ಮೇಲೆ.

ಧ್ವಜ ಹಾರಿಸಲು ಬಂದವರು ಸೈನ್ಯದ ನಿವೃತ್ತ ಸುಬೇದಾರರು, ಬೇರೆ ಊರಿನವರು. ಅವರು ನೇರವಾಗಿ ಅಡಿವೆಪ್ಪನ ಅವ್ವನ ಎದುರಿಗೆ ನಿಂತು ಸಲ್ಯೂಟ್ ಹೊಡೆದರು. ಪಕ್ಕಕ್ಕೆ ತಿರುಗಿದರು. ಸಾಹುಕಾರನ ಎದೆ ನೋಡಿದರು. ಅವರ ಮುಖ ಒಮ್ಮೆಲೇ ಮೆತ್ತಗಾಯಿತು. ಅವನಿಗೂ ಅಷ್ಟೇ ಗೌರವದಿಂದ ಸಲ್ಯೂಟ್ ಹೊಡೆದರು. ಆಗ, ನೋಡಿ, ಇಡೀ ಊರು ಎದ್ದಿತು. ಎಷ್ಟು ವರ್ಷ ಅವನು ಬಯಸಿದ್ದು ಅದು! ಸಿಕ್ಕಿತು. ಒಂದು ಗಳಿಗೆ.

ಸುಬೇದಾರರು ಬಾಗಿ ಕೇಳಿದರು. “ಬಲಗಡೆ ಹಾಕ್ಕೊಂಡೀರಿ ಯಜಮಾನ್ರ. ತೀರ್ಕೊಂಡವರು ಯಾರ್ರಿ? ಮಗನೋ, ತಮ್ಮನೋ?”

ಅವನಿಗೆ ತಿಳಿಯಲಿಲ್ಲ. ಅವರು ಮುದುಕಿಯ ಸೆರಗಿನ ಕಡೆ ಕೈ ಮಾಡಿ ಬಿಡಿಸಿ ಹೇಳಿದರು. ತಾನು ಗಳಿಸಿದ ಪದಕವನ್ನು ಸೈನಿಕ ಎಡಗಡೆ ಹಾಕಿಕೊಳ್ಳುತ್ತಾನೆ. ಅವನು ಹೋದ ಮೇಲೆ ಮನೆಯವರು ಅದನ್ನು ಬಲಗಡೆ ಹಾಕಿಕೊಳ್ಳುತ್ತಾರೆ. ಊರಿಗೂ ಆವತ್ತೇ ಗೊತ್ತಾದದ್ದು. ಸೆರಗು ಬೀಳುವ ಕಡೆ ಚುಚ್ಚಿಕೊಂಡಿದ್ದಾಳೆ, ಅಷ್ಟೇ ಎಂದು ಎಲ್ಲರೂ ಅಂದುಕೊಂಡಿದ್ದರು.

ಸಾಹುಕಾರ ತನ್ನ ಎದೆ ನೋಡಿಕೊಂಡ. ನನ್ನದೇ ಎನ್ನಬೇಕೆ? ಸುಳ್ಳು ಅಲ್ಲಿಯೇ ಸಿಕ್ಕಿಬೀಳುತ್ತದೆ. ಯಾರೋ ಸತ್ತರು ಎನ್ನಬೇಕೆ? ಯಾರು? ಅವನು ತಲೆ ತಗ್ಗಿಸಿದ. ಆ ಮೌನವನ್ನು ಸುಬೇದಾರರು ದುಃಖ ಎಂದುಕೊಂಡು ಭುಜದ ಮೇಲೆ ಕೈಯಿಟ್ಟರು. ಆಗ ಅಡಿವೆಪ್ಪನ ಅವ್ವ ಮೊದಲ ಕುರ್ಚಿಯಿಂದ ಎದ್ದಳು.

“ಸಾವ್ಕಾರ್ರ, ನಿಮಗೂ ಹಿಂಗಾಗೇದ ಅಂತ ನನಗ ಗೊತ್ತಿರಲಿಲ್ರಿ. ಬರ್ರಿ, ಇಲ್ಲಿ ಕುಂದರ್ರಿ.”

ಅವನು ಯಾವ ಜಾಗಕ್ಕಾಗಿ ಸುಳ್ಳು ಕಟ್ಟಿದ್ದನೋ ಆ ಜಾಗವನ್ನು ಅವಳೇ ಬಿಟ್ಟುಕೊಟ್ಟಳು. ಕೂರುವುದು ಒಂದೇ ಬಾಕಿ. ಕೂತರೆ ಏನಾಗುತ್ತದೆ? ತನ್ನವರಲ್ಲಿ ಒಬ್ಬನನ್ನು ತನ್ನ ಮೌನದಿಂದಲೇ ಕೊಂದಂತಾಗುತ್ತದೆ. ಅವನಿಗಿದ್ದದ್ದು ಒಬ್ಬನೇ ಮಗ.

ಹೆಂಗಸರ ಸಾಲಿನಿಂದ ಅವನ ಹೆಂಡತಿ ಬಂದದ್ದು ಯಾರಿಗೂ ಗೊತ್ತಾಗಲಿಲ್ಲ. ಮಗನೋ ಎಂಬ ಮಾತು ಅವಳ ಕಿವಿಗೆ ಬಿದ್ದಿತ್ತು. ಅಪ್ಪನ ಮಾತಿಗೆ ನೊಂದು ಹುಡುಗ ಸೈನ್ಯಕ್ಕೇ ಓಡಿಹೋದನೇನೋ ಎಂದು ತಿಂಗಳುಗಟ್ಟಲೆ ಹೆದರಿದ್ದ ತಾಯಿ ಅವಳು. ಅವಳು ಅತ್ತಿರಲಿಲ್ಲ. ಗಂಡನ ತೋಳು ಹಿಡಿದಿದ್ದಳು.

“ಕಾಗದಾ ಯಾಕ ಬರವಲ್ದು ಅಂತ ನಾ ದಿನಾ ಕೇಳಿದ್ನೆಲ್ರಿ. ನಿಮಗ ಮೊದಲ ಗೊತ್ತಿತ್ತೇನು? ಹೇಳ್ರಿ. ನನ್ನ ಕೂಸಿಗೆ ಏನಾತು?”

ಇದರ ಮುಂದೆ ಯಾವ ಸುಳ್ಳು ನಿಲ್ಲುತ್ತದೆ, ಹೇಳಿ?

“ಅಂವ ಅರಾಮ ಅದಾನ,” ಎಂದ. “ಹ್ವಾದ ತಿಂಗಳ ನಾನ ನೋಡಿ ಬಂದೇನಿ. ಇವು ಯಾರವೂ ಅಲ್ಲ. ಪ್ಯಾಟಿ ಅಂಗಡ್ಯಾಗ ಕೊಂಡವು.”

ಸುಬೇದಾರರು ಭುಜದ ಮೇಲಿನ ಕೈ ತೆಗೆದರು. ತೆಗೆಯಿರಿ ಅವನ್ನು ಎಂದಷ್ಟೇ ಹೇಳಿದರು. ಸಾಹುಕಾರ ಎಷ್ಟು ತಡಕಾಡಿದರೂ ಪಿನ್ನು ಬಿಚ್ಚಲು ಬರಲಿಲ್ಲ. ಹಿಂದಿನಿಂದ ಒಬ್ಬ, ಹಿಮದಲ್ಲಿ ಗುಂಡು ಹಾರಿಸಿದ ಕೈಗೆ ಪಿನ್ನು ಬಿಚ್ಚಲು ಬರುವುದಿಲ್ಲವಂತೆ ಎಂದ. ಊರು ನಕ್ಕಿತು. ಕಟ್ಟೆಯ ಮೇಲೆ ಚಹಾ ಕುಡಿದು ಹೂಂ ಎಂದವರೇ ಎಲ್ಲರಿಗಿಂತ ಜೋರಾಗಿ ನಕ್ಕರು.

ನಗದೆ ಇದ್ದವರು ಇಬ್ಬರು. ಒಬ್ಬಳು ಅವನ ಹೆಂಡತಿ. ನೋಡಿ ಬಂದವರು ನನಗೊಂದು ಮಾತು ಹೇಳಲಿಲ್ಲವೇ ಎಂದು ಕೇಳಿ, ಉತ್ತರಕ್ಕೆ ಕಾಯದೆ ನೆಲದ ಮೇಲೆ ಕೂತುಬಿಟ್ಟಳು. ಇನ್ನೊಬ್ಬಳು ಅಡಿವೆಪ್ಪನ ಅವ್ವ. ವರ್ಷವರ್ಷ ಹಾಕಿ ತೆಗೆದ ಬೆರಳು ಅವಳವು. ಮೂರೂ ಪಿನ್ನು ತಾನೇ ಬಿಚ್ಚಿ, ಪದಕಗಳನ್ನು ಸುಬೇದಾರರ ಕೈಗೆ ಹಾಕಿದಳು. ಅವನಿಗೆ ಒಂದು ಬೈಗುಳವೂ ಇಲ್ಲ. ನೆಲದ ಮೇಲೆ ಕೂತವಳ ಹತ್ತಿರ ಹೋಗಿ ತಾನೂ ಕೂತು, ಬೆನ್ನ ಮೇಲೆ ಕೈಯಾಡಿಸಿದಳು.

“ನಿನ್ನ ಮಗ ಅದಾನವ್ವ ತಂಗಿ. ಸುಳ್ಳಾತಲ್ಲ, ಅಷ್ಟ ಸಾಕು. ನನಗ ಯಾರೂ ಬಂದು ಸುಳ್ಳು ಅನ್ನಲಿಲ್ಲ.”

ತಾಯಂದಿರೇ, ಅಣ್ಣಂದಿರೇ, ಇಲ್ಲಿಗೆ ಕಥೆ ಬಿಡೋಣ. ಆ ಸಾಹುಕಾರನ ಮೇಲೆ ಕೇಸಾಯಿತೋ, ಊರು ದಂಡ ಹಾಕಿತೋ ನಿಮಗೆ ಬೇಡ. ನನ್ನ ಪ್ರಶ್ನೆ ಬೇರೆ. ಅವನು ಅವಳ ಪದಕ ಬಯಸಿದ. ಅವಳ ಕುರ್ಚಿ ಬಯಸಿದ. ಜನ ಅವಳಿಗಾಗಿ ಏಳುವುದನ್ನು ಬಯಸಿದ. ಅವಳ ಖಾಲಿ ಮನೆ ಬಯಸಿದನೇ? ಸಂಜೆ ಎಮ್ಮೆ ಕರೆದು, ಒಬ್ಬಳಿಗೇ ಒಂದು ರೊಟ್ಟಿ ಬೇಯಿಸಿಕೊಂಡು ಕೂರುವುದನ್ನು ಬಯಸಿದನೇ? ಇಲ್ಲ. ವರ್ಷಗಟ್ಟಲೆ ಅವಳನ್ನು ನೋಡಿದ, ಪದಕದಿಂದ ಒಂದು ಗೇಣು ಮೇಲಿದ್ದ ಅವಳ ಮುಖವನ್ನು ಮಾತ್ರ ನೋಡಲಿಲ್ಲ.

ನಾವು ಹೇಗೆ ನೋಡುತ್ತೇವೆ? ನೆರೆಮನೆಯವಳ ಬಳೆ ನೋಡುತ್ತೇವೆ, ಆ ಬಳೆ ಹಾಕಿದ ಕೈ ಹಾಸಿಗೆ ಹಿಡಿದ ಮಾವನನ್ನು ದಿನಕ್ಕೆ ಎಷ್ಟು ಸಲ ಎತ್ತಿ ಕೂರಿಸುತ್ತದೆ ನೋಡುವುದಿಲ್ಲ. ಗೆಳೆಯನ ಅಂಗಡಿಯ ಗದ್ದಲ ನೋಡುತ್ತೇವೆ, ಅವನು ಮಕ್ಕಳೊಂದಿಗೆ ಉಂಡು ಎಷ್ಟು ದಿನವಾಯಿತು ಕೇಳುವುದಿಲ್ಲ. ಆಮೇಲೆ ನಮ್ಮ ಹೊಟ್ಟೆ ಉರಿಯುತ್ತದೆ. ಉರಿ ತಾಳದೆ ನಾವೂ ಏನೋ ಒಂದು ತಂದು ಎದೆಗೆ ಚುಚ್ಚಿಕೊಳ್ಳುತ್ತೇವೆ. ಇಲ್ಲದ ಬಳಗ, ಮಾಡದ ಉಪವಾಸ, ಹೋಗದ ಯಾತ್ರೆ. ಅದನ್ನು ಕಾಪಾಡಲು ಮನೆಯವರಿಗೆ ಹೇಳಬೇಕಾದ ಮಾತನ್ನೂ ನುಂಗುತ್ತೇವೆ.

ಇವತ್ತು ಮನೆಗೆ ಹೋದ ಕೂಡಲೇ, ನುಂಗಿದ ಮಾತು ಏನಾದರೂ ಇದ್ದರೆ ಮೊದಲು ಅದನ್ನು ಹೇಳಿಬಿಡಿ. ಹೆಂಡತಿ ಬೈದರೆ ಬೈಸಿಕೊಳ್ಳಿ. ಆಮೇಲೆ ನಾಳೆಯ ಕೆಲಸ. ಯಾರ ಹೆಸರು ಕೇಳಿದರೆ ನಿಮಗೆ ಒಳಗೆ ಚುಳ್ ಎನ್ನುತ್ತದೋ ಅವರ ಮನೆಗೆ ಹೋಗಿ. ಹಣ್ಣು ಕಾಯಿ ಒಯ್ಯಬೇಡಿ, ಹೊಗಳಬೇಡಿ, ನಿಮ್ಮ ಸುದ್ದಿ ಎತ್ತಬೇಡಿ. ಹೇಗಿದ್ದೀರಿ ಎಂದು ಕೇಳಿ. ಚೆನ್ನಾಗಿದ್ದೇವೆ ಎನ್ನುತ್ತಾರೆ. ಅಷ್ಟಕ್ಕೆ ಏಳಬೇಡಿ. ಇನ್ನೂ ಸ್ವಲ್ಪ ಹೊತ್ತು ಕೂತಿರಿ, ಎರಡನೆಯ ಮಾತು ಬರುವ ತನಕ. ಆ ಎರಡನೆಯ ಮಾತನ್ನು ಕೇಳಿಸಿಕೊಂಡು ಬನ್ನಿ.

ಈಗ ಎಲ್ಲರೂ ಕಣ್ಣು ಮುಚ್ಚಿ. ಒಂದು ಹೆಸರು ಬಂತಲ್ಲ ಮನಸ್ಸಿಗೆ? ಬೇಡವೆಂದರೂ ಬಂತಲ್ಲ? ಅವರ ಮನೆಗೇ ಹೋಗಬೇಕಾದದ್ದು.