ಹದಿನೈದು ಡಾಲರಿನ ಹಾಡು

...ಅಲ್ಲ, ಫೋನಿನ್ಯಾಗ ಹಾಡು ಪುಕ್ಕಟ ಸಿಗತೈತಿ ಅಂದ್ರ ಅದು ಪುಕ್ಕಟ ಹುಟ್ಟೇತಿ ಅಂತಲ್ಲಪಾ. ಆ ಫೋನ್ ಬಂದ್ ಮಾಡ್ರಿ, ಹೇಳ್ತೀನಿ. ಈ ದೇಶಕ್ಕ ಬಂದ ಹೊಸದಾಗಿ ನಾ ಮಾಲ್ಟನ್‌ದಾಗ ಒಂದು ಸೀಡಿ ಅಂಗಡ್ಯಾಗ ಕೆಲಸಕ್ಕಿದ್ದೆ. ಮಾರೂ ಕೆಲಸ ಅಲ್ಲ ಮತ್ತ, ಹಿಂದಿನ ಖೋಲ್ಯಾಗ ಕಾಪಿ ಮಾಡೂದು. ಒಂದು ಅಸಲಿ ಹಾಕೂದು, ಏಳು ನಕಲಿ ತಗಿಯೂದು, ಮ್ಯಾಲೆ ಮಾರ್ಕರ್‌ಲೆ ಹೆಸರು ಬರಿಯೂದು. ನಿಮ್ಮಜ್ಜಗ ಇನ್ನೂ ಎಲ್ಲೂ ಕೆಲಸ ಹತ್ತಿರಲಿಲ್ಲ, ಬೇಸ್‌ಮೆಂಟಿನ್ಯಾಗ ಇದ್ವಿ, ಹಿಂಗಾಗಿ ಅದು ಕಳವು ಅಂತ ಗೊತ್ತಿರಲಿಲ್ಲ... ಸುಳ್ಳ್ಯಾಕ ಹೇಳ್ಲಿ, ಗೊತ್ತಿತ್ತು.

ಆ ವರ್ಷ ನಮ್ಮ ಕನ್ನಡದವರು ಧಾರವಾಡ ಕಡೆಯಿಂದ ಗಂಗವ್ವ ಅಂತ ಜನಪದ ಹಾಡಾಕಿನ್ನ ಕರಿಸಿದ್ರು. ನಮ್ಮ ಸೀಮ್ಯಾಕಿ ಅಂತ ಉಳಕೊಳ್ಳಾಕ ನಮ್ಮನಿಗೇ ಕಳಿಸಿದ್ರು. ಒಂದು ಸೂಟ್‌ಕೇಸ್ ತುಂಬ ಸೀಡಿ ತಂದಿದ್ಲು, ಬಂಗಾರದ ಬಳಿ ಮಾರಿ ತಾನ ರೆಕಾರ್ಡಿಂಗ್ ಮಾಡ್ಸಿದ್ದು. ಬಂದ ದಿನಾನ ಒಂದು ನನ್ನ ಕೈಯಾಗಿಟ್ಟು, ‘ಯವ್ವಾ, ಮೊದಲನೇದು ನಿನಗ, ರೊಕ್ಕ ಬ್ಯಾಡ’ ಅಂದ್ಲು. ನಾ ಮರುದಿನ ಅದನ್ನ ಅಂಗಡಿಗೆ ಒಯ್ದೆ. ಕೇಳ್ಲಿಕ್ಕೆ ಒಯ್ದೆ, ಖರೇನ ಕೇಳ್ಲಿಕ್ಕೆ. ಮಾಲಕ ನೋಡಿದ. ‘ಅರೇ, ಶನಿವಾರ್ ಕೋ ಇಸೀ ಕಾ ಪ್ರೋಗ್ರಾಮ್ ಹೈ ನಾ? ಪಚಾಸ್ ಬನಾ ದೋ!’ ಐವತ್ತು ಮಾಡಿ ಕೊಟ್ಟೆ.

ಶನಿವಾರ ಬ್ರಾಂಪ್ಟನ್‌ದಾಗ ಶಾಲಿ ಹಾಲಿನ್ಯಾಗ ಕಾರ್ಯಕ್ರಮ. ಗಂಗವ್ವನ ಮೇಜಿಗೆ ‘ಸೀಡಿ ಹದಿನೈದು ಡಾಲರ್’ ಅಂತ ಬೋರ್ಡ್ ಬರದು ಕೊಟ್ಟಾಕೀನೂ ನಾನ. ಬಾಗಲ್ದಾಗ ಸಮೋಸಾ ಬಾಜು ನಮ್ಮ ಮಾಲಕ ನಾ ಮಾಡಿದ ನಕಲಿ ಇಟ್ಕೊಂಡು ನಿಂತಿದ್ದ, ಒಂದಕ್ಕ ಎರಡು ಡಾಲರ್! ಹಾಡು ಮುಗೀತು, ಜನ ಎದ್ದು ನಿಂತು ಚಪ್ಪಾಳಿ ಹೊಡದ್ರು. ಆಮ್ಯಾಲೆ ಎರಡು ಡಾಲರಿಂದು ಹಿಡ್ಕೊಂಡು ಆಕಿ ಮುಂದ ಪಾಳೆ ಹಚ್ಚಿದ್ರು, ಸಹಿ ಹಾಕಿಸ್ಕೊಳ್ಳಾಕ. ‘ಇದು ನಂದಲ್ರೀ’ ಅಂದ್ಲು ಗಂಗವ್ವ. ಬೆಂಗಳೂರಾಕಿ ಒಬ್ಬಾಕಿ, ‘ಹಾಡು ನಿಮ್ದೇ ತಾನೇ? ಹದಿನೈದು ಡಾಲರ್ಗೆ ಸರಸ್ವತೀನ ಮಾರಕ್ಕೆ ಬಂದಿದೀರಾ?’ ಅಂತ ನಕ್ಕಳು. ಗಂಗವ್ವ ಆ ಸೀಡಿ ಮ್ಯಾಲಿನ ಅಕ್ಷರ ನೋಡಿದ್ಲು, ಬೋರ್ಡ್ ನೋಡಿದ್ಲು, ನನ್ನ ನೋಡಿದ್ಲು. ನಾ ಸುಮ್ಮನಾದರೂ ಇರಬೇಕಿತ್ತಲ್ಲ? ಎಲ್ಲಾರ ಮುಂದ ಅಂದೆ, ‘ಗಂಗವ್ವಾ, ನೀನೂ ರೇಟ್ ಇಳಿಸಬೇಕಿತ್ತು. ಈ ಕಾಲದಾಗ ಹದಿನೈದು ಯಾರ್ ಕೊಡ್ತಾರ?’

ಆಕಿ ‘ಪೆನ್ ಕೊಡ್ರಿ’ ಅಂದು ಎಲ್ಲಾದಕ್ಕೂ ಸಹಿ ಹಾಕಿದ್ಲು. ಆಕೀವು ಎರಡ ಸೀಡಿ ಹೋದ್ವು. ಎರಡೋ, ಮೂರೋ.

ಎರಡು ದಿನ ಬಿಟ್ಟು ಏರ್‌ಪೋರ್ಟಿಗೆ ಬಿಡಾಕ ಹೋದ್ವಿ. ನಮ್ಮ ಮಂದಿಗೆ ಮುಟ್ಟಿಸು ಅಂತ ಚಾಕ್ಲೇಟು, ವಿಟಮಿನ್ ಗುಳಿಗಿ ಎಲ್ಲಾ ಆಕಿ ಸೂಟ್‌ಕೇಸಿನ್ಯಾಗ ತುರುಕಿದ್ದೆ. ಕೌಂಟರಿನ್ಯಾಗ ವಜ್ಜೆ ಆತು, ತಗೀರಿ ಅಂದ್ರು. ನಾ ಬಗ್ಗಿ ಏನ್ ತಗದೆ ಗೊತ್ತೈತೇನು? ಚಾಕ್ಲೇಟಲ್ಲ. ಆಕಿ ಸೀಡಿ. ‘ಹೆಂಗೂ ಮಾರಾಟ ಆಗೂದಿಲ್ಲಲ್ಲ’ ಅಂದೆ. ಗಂಗವ್ವ ನನ್ನ ಕೈಯಿಂದ ಅವನ್ನ ತಗೊಂಡು ತಾನ ಹೋಗಿ ಕಸದ ಡಬ್ಬಿಗೆ ಹಾಕಿ ಬಂದ್ಲು. ನಮ್ಮ ಚಾಕ್ಲೇಟು ಮಾತ್ರ ಒಂದೂ ಕಡಿಮಿ ಇಲ್ದಂಗ ಮನಿಮನಿಗೆ ಮುಟ್ಟಿಸಿದ್ಲು. ಮುಂದ ಆಕಿ ಮತ್ತ ರೆಕಾರ್ಡಿಂಗ್ ಮಾಡ್ಸಲಿಲ್ಲಂತ. ಈಗ ಆಕೀನೂ ಇಲ್ಲ.

ಏನಂದಿ? ‘ಡಿಡ್ ಯೂ ಸೇ ಸಾರಿ, ಅಜ್ಜಿ?’ ಇಲ್ಲವ್ವಾ. ಅನ್ಲಿಲ್ಲ. ಅದಕ್ಕ ಹೇಳ್ತೀನಿ, ಮಂದಿ ದುಡಿಮಿ ಕದಿಯಾಂವ ಕೆಟ್ಟಾಂವ ಖರೆ. ಕದ್ದು, ಮತ್ತ ಅವರಿಗೇ ಬುದ್ಧಿ ಹೇಳಾಂವ ಅವಂಗಿಂತ ಕೆಟ್ಟಾಂವ. ಏಳ್ರಿ, ಸಾರು ಆರತೈತಿ.