ಏಳು ಮನೆಯ ಊಟ

ಪ್ರಿಯರೇ, ನನಗೂ ದಣಿವಾಗಿದೆ, ನಿಮಗೂ ದಣಿವಾಗಿದೆ. ಮುಖ ನೋಡಿದರೆ ಗೊತ್ತಾಗುತ್ತದೆ. ಇದು ದುಡಿದು ಬಂದ ದಣಿವಲ್ಲ, ಎಲ್ಲರಿಗೂ 'ಆಗಲಿ' ಅಂದು ಅಂದು ಬಂದದ್ದು. ಒಂದು ಕಥೆ ಹೇಳುತ್ತೇನೆ, ಕೇಳಿ.

ಒಂದೂರಿನ ಕ್ರೈಸ್ತ ಸಭೆಯಲ್ಲಿ, ಸಭೆಯ ಕೆಲಸ ನೋಡಿಕೊಳ್ಳುವ ಒಬ್ಬ ಹಿರಿಯನಿದ್ದ. ಒಳ್ಳೆಯವನು. ಎಷ್ಟು ಒಳ್ಳೆಯವನೆಂದರೆ, ಅವನ ಬಾಯಲ್ಲಿ 'ಇಲ್ಲ' ಎನ್ನುವ ಮಾತನ್ನು ಯಾರೂ ಕೇಳಿರಲಿಲ್ಲ. ಅವನ ಹೆಂಡತಿ ಸುಗಂಧಮ್ಮ ಆಪರೇಷನ್ ಆಗಿ ನಾಲ್ಕು ತಿಂಗಳು ಹಾಸಿಗೆ ಹಿಡಿದಿದ್ದಳು. ಕ್ರಿಸ್ಮಸ್ ದಿನ ಮೊದಲ ಸಲ ಎದ್ದು, ಒಲೆ ಮುಂದೆ ಸ್ಟೂಲ್ ಹಾಕಿಕೊಂಡು ಕೂತು ಅಡುಗೆಗೆ ಇಟ್ಟಳು. "ಆರಾಧನೆ ಮುಗಿದ ತಕ್ಷಣ ಬಂದ್ಬಿಡಿ. ಒಟ್ಟಿಗೆ ಕೂತು ಊಟ ಮಾಡಿ ಎಷ್ಟು ದಿನ ಆಯ್ತು" ಅಂದಳು. ಇವನು ಏನಂದ? "ಆಗಲಿ" ಅಂದ.

ದೇವಾಲಯದ ಬಾಗಿಲಲ್ಲೇ ಒಬ್ಬರು ಕೈ ಹಿಡಿದರು. "ಹಿರಿಯರೇ, ನಮ್ಮನೇಲಿ ಒಂದು ತುತ್ತು." ಹೋದ, ಪ್ರಾರ್ಥನೆ ಮಾಡಿದ, ಉಂಡ. ಪಕ್ಕದ ಮನೆಯವರು ಬಿಡುತ್ತಾರೆಯೇ? "ಅವರ ಮನೆ ಬಿರಿಯಾನಿ ಆಗುತ್ತೆ, ನಮ್ಮನೇದು ಬೇಡ್ವಾ?" ಅಲ್ಲೂ ಪ್ರಾರ್ಥನೆ, ಅಲ್ಲೂ ಊಟ. ಹೀಗೆ ಏಳು ಮನೆ, ನೋಡಿ, ಏಳು ಮನೆ! ನಡುನಡುವೆ ಹೆಂಡತಿ ನೆನಪಾಗುತ್ತಿದ್ದಳು. ಹೋಗಲಿ, ಅವಳು ನಮ್ಮವಳೇ ತಾನೇ, ಇವರು ಬೇಜಾರು ಮಾಡಿಕೊಂಡರೆ ಕಷ್ಟ ಎಂದು ಮತ್ತೆ ಕೂರುತ್ತಿದ್ದ.

ಮನೆ ಸೇರಿದಾಗ ಸಂಜೆ ನಾಲ್ಕೂವರೆ. ಸುಗಂಧಮ್ಮ ಉಣ್ಣದೆ ಕಾದಿದ್ದಳು. ಬಡಿಸಿದಳು. ತಟ್ಟೆ ನೋಡಿದೊಡನೆಯೇ ಅವನಿಗೆ ವಾಕರಿಕೆ ಬಂತು. ಕಣ್ಣು ಮುಚ್ಚಿ ಪ್ರಾರ್ಥಿಸಲು ಹೊರಟ, ಮಾತೇ ಹೊರಡಲಿಲ್ಲ. ಅವಳು ಅವನ ಮುಂದಿನ ತಟ್ಟೆ ಎತ್ತಿಟ್ಟಳು.

"ಬಿಡಿ, ಪ್ರಾರ್ಥನೆ ನಾನೇ ಮಾಡ್ಕೋತೀನಿ. ನಿಮಗೆ ಸುಸ್ತಾಗಿದೆ" ಅಂದಳು. ಒಬ್ಬಳೇ ಉಂಡಳು.

ಇದನ್ನು ಪ್ರೀತಿ ಎನ್ನುತ್ತೀರಾ? ಅಲ್ಲ, ಪ್ರಿಯರೇ, ಇದು ಭಯ. ನಾಲ್ಕು ಜನ ಏನಂದಾರು ಎನ್ನುವ ಭಯ. ಜನ ಹುಡುಕಿಕೊಂಡು ಬಂದಾಗಲೂ ಯೇಸುಸ್ವಾಮಿ ಅವರನ್ನು ಬಿಟ್ಟು, ತಂದೆ ಕಳಿಸಿದ ಕಡೆಗೆ ಹೊರಟನು. ಅವನಿಗೆ ಜನರ ಮೇಲೆ ಪ್ರೀತಿ ಇರಲಿಲ್ಲವೇ? ಇತ್ತು, ಶಿಲುಬೆಯವರೆಗೂ ಇತ್ತು. ಆದರೆ ಯಾರನ್ನು ಮೆಚ್ಚಿಸಬೇಕೆಂಬುದು ಗೊತ್ತಿತ್ತು.

ಇವತ್ತಿನಿಂದ ಇಷ್ಟು ಮಾಡಿ. ಯಾರಾದರೂ ಕರೆದರೆ, ಆಗಲೇ ಯಾರಿಗೆ ಮಾತು ಕೊಟ್ಟಿದ್ದೇನೆ ಎಂದು ಮೊದಲು ಕೇಳಿಕೊಳ್ಳಿ. ಆಗದಿದ್ದರೆ ಕೈಮುಗಿದು, "ಇವತ್ತು ಆಗೋದಿಲ್ಲ" ಅನ್ನಿ. ಸುಳ್ಳು ನೆಪ ಬೇಡ. ಮುನಿಸಿಕೊಂಡರೆ ಮುನಿಸಿಕೊಳ್ಳಲಿ, ನಾಳೆ ಸರಿಹೋಗುತ್ತಾರೆ. ಆರಾಧನೆ ಮುಗಿದ ಮೇಲೆ ನನ್ನನ್ನೂ ಊಟಕ್ಕೆ ಕರೆಯಬೇಡಿ. ಹಸಿದ ಹೊಟ್ಟೆಯಲ್ಲೇ ನಿಮ್ಮ ನಿಮ್ಮ ಮನೆಗೆ ಹೋಗಿ, ಕಾದವರ ಜೊತೆ ಕೂತು ಉಣ್ಣಿ.